ಒಂದೇ ಒಂದು ಕಲ್ವ

"ಅಮ್ಮಾ, ನೀನು ಇಲ್ಲಿಗೆ ಬಂದಾಗ ಒಂದು ವಿಚಿತ್ರ ತಿಂಡಿ ತಿನ್ನಿಸ್ತೀನಿ. ಹೆದರಬಾರದು" ಎಂದು ಸಿಯಾಟಲ್‌ನಿಂದ ಮಗಳು ಫೋನಿನಲ್ಲಿ ಹೇಳಿದಳು. ಏನದು ಎಂದು ಕೇಳಿದೆ. "ಆಯ್‌ಸ್ಟರ್. ಹಸಿಯಾಗೇ. ಚಿಪ್ಪಿನಿಂದ ಸೀದಾ ಬಾಯಿಗೆ!"

"ಥೂ, ಅದನ್ನೆಲ್ಲ ಹೇಗೆ ತಿಂತೀಯೇ?" ಎಂದೆ ನಾನು. ಮಗಳು ನಕ್ಕಳು. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ನಾನು ಹೇಳಿದ್ದು ಸುಳ್ಳು. ಅದೂ ಹೊಸ ಸುಳ್ಳಲ್ಲ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿ ಹೇಳಿ ನುಣುಪಾದ ಸುಳ್ಳು.

ಆಯ್‌ಸ್ಟರ್ ಅಂದರೆ ಪುಸ್ತಕದ ಕನ್ನಡದಲ್ಲಿ ಸಿಂಪಿ. ನಮ್ಮ ಕಡೆ ಅದು ಕಲ್ವ. ನನ್ನ ಊರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆ. ಶಿರಸಿಯ ಹತ್ತಿರ ಹುಟ್ಟಿ, ಘಟ್ಟ ಇಳಿದು, ಎಲ್ಲೂ ಅಣೆಕಟ್ಟು ಕಾಣದೆ ಸಮುದ್ರಕ್ಕೆ ಬರುವ ನದಿ ಅದು. ಆಚೆ ದಡದಲ್ಲಿ ತದಡಿ, ಈಚೆ ದಡದಲ್ಲಿ ನದಿಯ ಹೆಸರನ್ನೇ ಇಟ್ಟುಕೊಂಡ ಅಘನಾಶಿನಿ ಎಂಬ ಊರು, ನಡುವೆ ತಾರಿ ದೋಣಿ. ಸಿಹಿನೀರು ಉಪ್ಪುನೀರು ಕೂಡುವ ಆ ಜಾಗದಲ್ಲಿ ಚಿಪ್ಪಿಕಲ್ಲುಗಳದ್ದೇ ಒಂದು ರಾಜ್ಯ. ಇಳಿತದ ಹೊತ್ತಿನಲ್ಲಿ ಹೆಂಗಸರು, ಮಕ್ಕಳು, ಮುದುಕರು ಸೊಂಟದ ತನಕ ನೀರಿಗಿಳಿದು ಕಾಲ್ಬೆರಳಿನಲ್ಲೇ ತಡಕಿ ಬೆಳಚು ಹೆಕ್ಕುತ್ತಾರೆ. ಬೆಳಚು ಮರಳಿನಲ್ಲಿ ಹೂತುಕೊಂಡಿರುವ ಸಾಧು ಪ್ರಾಣಿ. ಹೆಕ್ಕಿದರೆ ಬುಟ್ಟಿಗೆ ಬಂದು ಬೀಳುತ್ತದೆ. ಕಲ್ವ ಹಾಗಲ್ಲ. ಅದು ಬಂಡೆಗೆ ಅಂಟಿಕೊಂಡೇ ಬದುಕುವ ಜಾತಿ. ಮರಿಯಾಗಿದ್ದಾಗ ಎರಡು ಮೂರು ವಾರ ನೀರಿನಲ್ಲಿ ತೇಲಾಡಿ, ಗಟ್ಟಿ ಜಾಗ ಸಿಕ್ಕಿದ ಕೂಡಲೇ ಒಂದು ಚಿಪ್ಪನ್ನು ಅಲ್ಲಿಗೆ ಗಾರೆ ಹಾಕಿದಂತೆ ಅಂಟಿಸಿಕೊಂಡುಬಿಡುತ್ತದೆ. ಮತ್ತೆ ಜೀವಮಾನವಿಡೀ ಅಲ್ಲೇ. ಅದರ ಅಂಚು ಎಷ್ಟು ಹರಿತ ಎಂದರೆ, ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಇವತ್ತಿಗೂ ಗುರುತಿದೆ.

ಕಲ್ವ ತೆಗೆಯುವುದರಲ್ಲಿ ನಮ್ಮ ಕೇರಿಗೆ ನನ್ನ ಅಜ್ಜಿಯೇ ಮೊದಲು. ಅವಳ ಹತ್ತಿರ ತುದಿ ಚೂಪಾಗಿಸಿದ ಗೇಣುದ್ದದ ಒಂದು ಕಬ್ಬಿಣದ ಸರಳು ಇತ್ತು. ಅಮಾವಾಸ್ಯೆ ಹುಣ್ಣಿಮೆಗಳ ಆಚೀಚೆ ದಿನಗಳಲ್ಲಿ ಸಮುದ್ರ ಎಂದಿಗಿಂತ ಕೆಳಗಿಳಿಯುತ್ತದಲ್ಲ, ಆವಾಗ ಅವಳು ಸೀರೆಯನ್ನು ಮೊಣಕಾಲ ಮೇಲೆ ಕಟ್ಟಿ, ನನ್ನನ್ನೂ ತಮ್ಮನನ್ನೂ ಹಿಂದೆ ಹಾಕಿಕೊಂಡು ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಜ್ಜಿಗೆ ಪಂಚಾಂಗದ ತಿಥಿ ಗೊತ್ತಿದ್ದರೆ ಸಾಕು, ನೀರು ಎಷ್ಟು ಹೊತ್ತಿಗೆ ಇಳಿದು ಎಷ್ಟು ಹೊತ್ತಿಗೆ ತಿರುಗುತ್ತದೆಂದು ಬೆರಳಿನಲ್ಲೇ ಎಣಿಸಿ ಹೇಳುತ್ತಿದ್ದಳು. ಒಂದು ದಿನವೂ ತಪ್ಪಿದ್ದು ನನಗೆ ನೆನಪಿಲ್ಲ.

ಅವಳು ಕಲ್ವ ತೆಗೆಯುವ ಕ್ರಮ ಹೀಗಿತ್ತು. ಬಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸರಳಿನ ತುದಿಯಿಂದ ಮೇಲಿನ ಚಿಪ್ಪಿನ ಅಂಚಿಗೆ ಒಂದೇ ಏಟು. ಟಕ್! ಮುಚ್ಚಳ ಹಾರಿ ಬೀಳುತ್ತಿತ್ತು. ಒಳಗೆ ಬೂದು-ಬಿಳಿ ಬಣ್ಣದ ಮೆತ್ತನೆಯ ಮಾಂಸ, ಅದರ ಸುತ್ತ ಒಂದು ಚಮಚೆಯಷ್ಟು ನೀರು. ಹೆಬ್ಬೆರಳಿನಲ್ಲಿ ಕಿತ್ತು ಮಡಕೆಗೆ ಹಾಕಿದರೆ ಮುಗಿಯಿತು. ಕೆಳಗಿನ ಚಿಪ್ಪು ಬಂಡೆಯಲ್ಲೇ ಉಳಿಯುತ್ತಿತ್ತು. ಒಮ್ಮೆ ತಮ್ಮ ದೊಡ್ಡ ಕಲ್ಲೊಂದನ್ನು ತಂದು, ಚಿಪ್ಪು ಸಮೇತ ಕೀಳುತ್ತೇನೆಂದು ದಬದಬನೆ ಕುಟ್ಟಿದಾಗ ಅಜ್ಜಿ ಅವನ ಕಿವಿ ಹಿಂಡಿದಳು. "ಅಡಿದು ಅಲ್ಲೇ ಇರಲಿ. ಅದರ ಮೇಲೇ ಮರಿ ಕೂರೂದು." ಅದು ನಮ್ಮ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ತಮ್ಮನ ತಲೆಯಲ್ಲಿ ಇದ್ದದ್ದು ಮುತ್ತು ಮಾತ್ರ. ಸ್ವಾತಿ ಮಳೆಯ ಹನಿ ಸಿಂಪಿಯ ಬಾಯಿಗೆ ಬಿದ್ದು ಮುತ್ತಾಗುತ್ತದೆಂದು ಶಾಲೆಯಲ್ಲಿ ಮಾಸ್ತರರು ಹೇಳಿದ್ದರು. ಪಾಪ, ಒಂದೊಂದು ಕಲ್ವವನ್ನೂ ಬಗ್ಗಿ ಬಗ್ಗಿ ನೋಡುತ್ತಿದ್ದ. ಆಭರಣದ ಮುತ್ತು ಕೊಡುವ ಸಿಂಪಿಯೇ ಬೇರೆ, ತಿನ್ನುವ ಸಿಂಪಿಯೇ ಬೇರೆ ಎಂದು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಮಡಕೆ ತುಂಬಿ, ನೀರು ತಿರುಗುವ ಹೊತ್ತಾದಾಗ ನಾವು ಕಾಯುತ್ತಿದ್ದ ಗಳಿಗೆ ಬರುತ್ತಿತ್ತು. ಅಜ್ಜಿ ಎಲ್ಲಕ್ಕಿಂತ ಹೊರಗಿನ, ಸಮುದ್ರಕ್ಕೆ ಮುಖ ಮಾಡಿದ ಬಂಡೆಗೆ ಹೋಗಿ ಮೂರು ಕಲ್ವ ಆರಿಸುತ್ತಿದ್ದಳು. ನನಗೊಂದು, ತಮ್ಮನಿಗೊಂದು, ಅವಳಿಗೊಂದು. ಮೊದಲು ಸರಳಿನಿಂದ ತಟ್ಟಿ ನೋಡುವಳು. ಬಾಯಿ ಬಿಟ್ಟುಕೊಂಡಿದ್ದು ತಟ್ಟಿದರೂ ಮುಚ್ಚದಿದ್ದರೆ ಅದು ಸತ್ತದ್ದು, ಮುಟ್ಟಬಾರದು. ಜೀವಂತ ಇದ್ದದ್ದರ ಮುಚ್ಚಳ ಹಾರಿಸಿ, ಬುಡ ಬಿಡಿಸಿ, "ಬಗ್ಗು" ಎನ್ನುವಳು. ನಾವು ಬಂಡೆಗೇ ಬಾಯಿ ಹಚ್ಚಿ ಸುರ್ರೆಂದು ಹೀರುತ್ತಿದ್ದೆವು.

ಆ ರುಚಿಯನ್ನು ಹೇಗೆ ಹೇಳಲಿ? ಮೊದಲು ಉಪ್ಪು, ಸಮುದ್ರದಲ್ಲಿ ಮುಳುಗೆದ್ದಾಗ ಬಾಯಿಗೆ ಬರುತ್ತದಲ್ಲ, ಅಷ್ಟೇ ಉಪ್ಪು. ಹಿಂದೆಯೇ ತಣ್ಣಗೆ, ಎಳನೀರಿನ ತೆಳು ಗಂಜಿ ನಾಲಿಗೆಯ ಮೇಲೆ ಜಾರಿದ ಹಾಗೆ. ಎರಡು ಸಲ ಅಗಿದರೆ ಒಂದು ಸಿಹಿ ಬಿಡುತ್ತದೆ. ನುಂಗಿದ ಮೇಲೆ ತಾಮ್ರದ ತಂಬಿಗೆಯ ನೀರು ಕುಡಿದಂಥ ಒಂದು ಒಗರು ಬಹಳ ಹೊತ್ತು ಬಾಯಲ್ಲಿ ಉಳಿಯುತ್ತದೆ. ನಿಂಬೆಹಣ್ಣು, ಖಾರ, ಏನೂ ಇಲ್ಲ. ಇನ್ನೊಂದು ಬೇಕೆಂದು ತಮ್ಮ ಪ್ರತಿ ಸಲವೂ ಗೋಗರೆಯುತ್ತಿದ್ದ. ಅಜ್ಜಿಯ ಉತ್ತರವೂ ಪ್ರತಿ ಸಲ ಒಂದೇ: "ಒಂದೇ ಮಗಾ. ಎರಡನೇದು ಕೇಳೂಕಿಲ್ಲ."

ಇನ್ನೂ ಕೆಲವು ಕಟ್ಟಳೆಗಳಿದ್ದವು. ಹಸಿ ತಿನ್ನುವುದು ದೀಪಾವಳಿಯಿಂದ ಶಿವರಾತ್ರಿಯ ತನಕ ಮಾತ್ರ. ಸೆಕೆ ಶುರುವಾದ ಮೇಲೆ ಇಲ್ಲ, ಮಳೆಗಾಲದಲ್ಲಂತೂ ಬಂಡೆಯ ಕಡೆ ತಲೆ ಹಾಕುವ ಹಾಗೇ ಇಲ್ಲ. ಹೊರಗಿನ ಬಂಡೆಯದು ಮಾತ್ರ; ದೋಣಿ ಕಟ್ಟುವ ಜಾಗದ್ದು, ಕೋಡಿಯ ಒಳಗಿನದು ಎಷ್ಟು ದಪ್ಪಗಿದ್ದರೂ ಬೇಯಿಸಿಯೇ ತಿನ್ನಬೇಕು. ಜ್ವರ ಬಂದು ಎದ್ದವರಿಗೆ, ಬಸುರಿಯರಿಗೆ ಇಲ್ಲವೇ ಇಲ್ಲ. ಅಜ್ಜಿ ಅಕ್ಷರ ಕಲಿತವಳಲ್ಲ. ಬೆಳೆದ ಒಂದು ಸಿಂಪಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಸೋಸಬಲ್ಲದು, ನೀರಿನಲ್ಲಿ ಇದ್ದ ಕೊಳೆ, ರೋಗಾಣುಗಳು ಅದರ ಹೊಟ್ಟೆಯಲ್ಲೇ ಸೇರಿಕೊಳ್ಳುತ್ತವೆ, ಬಿಸಿ ನೀರಿನಲ್ಲಿ ಕೆಲವು ಜಾತಿಯ ರೋಗಾಣುಗಳು ಬೇಗ ಹೆಚ್ಚುತ್ತವೆ ಎಂದೆಲ್ಲ ನಾನು ಓದಿದ್ದು ಈಚೆಗೆ. ನಿಂಬೆರಸ ಹಿಂಡಿದರೆ ಅವು ಸಾಯುವುದಿಲ್ಲ ಎಂದೂ ಓದಿದೆ. ಇದನ್ನು ಓದುವ ಮಕ್ಕಳು ಸಮುದ್ರಕ್ಕೆ ಹೋದಾಗ ಬಂಡೆಗೆ ಬಾಯಿ ಹಚ್ಚಲು ಹೊರಡಬೇಡಿ. ನಮಗೆ ಅಜ್ಜಿ ಇದ್ದಳು, ಆಗಿನ ನೀರೂ ಬೇರೆ.

ಮನೆಗೆ ತಂದ ಕಲ್ವಕ್ಕೆ ಬೇರೆಯದೇ ಸಂಭ್ರಮ. ಒಣಮೆಣಸು, ಕೊತ್ತಂಬರಿ, ತೆಂಗಿನಕಾಯಿ ಅಮ್ಮ ರುಬ್ಬುಕಲ್ಲಿನಲ್ಲಿ ತರಿಯಾಗಿ ಅರೆದು, ಈರುಳ್ಳಿ ಬಾಡಿಸಿ, ಹುಳಿಗೆ ಒಣಗಿದ ಮುರುಗಲು ಸಿಪ್ಪೆ ಹಾಕಿ ನೀರಿಲ್ಲದ ಹಾಗೆ ಸುಕ್ಕ ಮಾಡುತ್ತಿದ್ದಳು. ಕುಚ್ಚಲಕ್ಕಿ ಗಂಜಿಗೆ ಅದನ್ನು ನೆಂಚಿಕೊಂಡರೆ ಬೇರೇನೂ ಬೇಡ. ಅಪ್ಪ ಮಾತ್ರ ಹಸಿಯದನ್ನು ಎಂದೂ ಮುಟ್ಟಲಿಲ್ಲ. "ಜೀವ ಇರೂದನ್ನ ಹ್ಯಾಂಗೆ ನುಂಗೂದು?" ಎನ್ನುತ್ತಿದ್ದರು. ಸುಕ್ಕ ಮಾಡಿದ ದಿನ ಅವರಿಗೆ ಎರಡು ಪಾಲು ಬೇಕಾಗುತ್ತಿತ್ತು ಎಂಬುದು ಬೇರೆ ಮಾತು.

ಇಷ್ಟೆಲ್ಲ ಇದ್ದವಳು ಸುಳ್ಳು ಹೇಳಲು ಯಾವಾಗ ಕಲಿತೆ?

ಹೈಸ್ಕೂಲಿಗೆ ಹೋದಾಗಲೇ ಗೊತ್ತಾಗಿತ್ತು, ತಿನ್ನುವುದರಲ್ಲೂ ಮೇಲು ಕೀಳು ಇದೆಯೆಂದು. ಮೀನು ತಿನ್ನದವರ ಮಾತು ಬಿಡಿ. ಮೀನು ತಿನ್ನುವವರಲ್ಲೇ ಇಸೋಣ, ಪಾಂಪ್ಲೆಟ್ ಕೊಳ್ಳುವವರು ಒಂದು ಮೆಟ್ಟಿಲು, ಬಂಗಡೆ, ತಾರ್ಲೆಯವರು ಇನ್ನೊಂದು ಮೆಟ್ಟಿಲು. ದುಡ್ಡು ಕೊಡದೆ ಬಂಡೆಯಿಂದ ಕೆರೆದು ತಂದು ತಿನ್ನುವ ನಾವು ಯಾವ ಮೆಟ್ಟಿಲಿನ ಮೇಲೂ ಇರಲಿಲ್ಲ. "ಚಿಪ್ಪಿಕಲ್ಲು" ಎಂದೇ ಒಬ್ಬಳು ನನ್ನನ್ನು ಎರಡು ವರ್ಷ ಕರೆದಳು. ನಾನು ಇಳಿತಕ್ಕೆ ಹೋಗುವುದನ್ನು ಬಿಟ್ಟೆ. ಪರೀಕ್ಷೆ, ಓದುವುದಿದೆ ಎನ್ನುತ್ತಿದ್ದೆ. ಅಜ್ಜಿ ಏನೂ ಕೇಳಲಿಲ್ಲ. ತಮ್ಮನನ್ನು ಕರೆದುಕೊಂಡು ಹೋಗುತ್ತಿದ್ದಳು.

1977ರಲ್ಲಿ ಧಾರವಾಡದಲ್ಲಿ ಕಾಲೇಜಿಗೆ ಸೇರಿ ಹಾಸ್ಟೆಲಿನಲ್ಲಿದ್ದೆ. ಜನವರಿಯ ಒಂದು ಮಧ್ಯಾಹ್ನ, ನಿನ್ನನ್ನು ನೋಡಲು ಯಾರೋ ಬಂದಿದ್ದಾರೆ ಎಂದು ಹೇಳಿಕಳಿಸಿದರು. ಹೊರಗೆ ಬಂದು ನೋಡಿದರೆ ಅಜ್ಜಿ! ಸೋದರಮಾವ ಯಾವುದೋ ಕೆಲಸಕ್ಕೆ ಹುಬ್ಬಳ್ಳಿಗೆ ಹೊರಟವರ ಜೊತೆ, ಅರಬೈಲ್ ಘಟ್ಟ ಹತ್ತಿ, ವಾಂತಿ ಮಾಡಿಕೊಳ್ಳುತ್ತ ಬಂದಿದ್ದಳು. ಅವಳು ಅದಕ್ಕಿಂತ ಮೊದಲು ಕುಮಟಾ ಪೇಟೆ ದಾಟಿದವಳೇ ಅಲ್ಲ. ಕಂಕುಳಲ್ಲಿ ಬಟ್ಟೆಯ ಗಂಟು. ಗಂಟಿನಲ್ಲಿ ಹಿತ್ತಾಳೆಯ ಮುಚ್ಚಳದ ಡಬ್ಬಿ. ಕೋಣೆಗೆ ಕರೆತಂದು ಕೂರಿಸಿದೆ. ಅವಳು ಗಂಟು ಬಿಚ್ಚಿ ಮುಚ್ಚಳ ತೆಗೆದಳೋ ಇಲ್ಲವೋ, ಕೋಣೆ ತುಂಬ ಕಲ್ವದ ಸುಕ್ಕದ ವಾಸನೆ.

ನನ್ನ ಕೋಣೆಯ ಗೆಳತಿಯರಿಬ್ಬರೂ ಮಂಚದ ಮೇಲೆ ಕೂತಿದ್ದರು. ಒಬ್ಬಳು ಮೂಗಿಗೆ ಸೆರಗು ಹಿಡಿದು, "ಏನೇ ಅದು?" ಅಂದಳು.

"ಔಷಧಿ. ನಮ್ಮೂರ ಕಡೆಯ ಔಷಧಿ. ನನಗೆ ಕೆಮ್ಮು ಅಂತ ಬರೆದಿದ್ದೆ, ಅದಕ್ಕೇ ತಂದಿದ್ದಾರೆ" ಎಂದುಬಿಟ್ಟೆ.

ಅಜ್ಜಿ ನನ್ನ ಮುಖ ನೋಡಿದಳು. ನಿಧಾನಕ್ಕೆ ಮುಚ್ಚಳ ಮುಚ್ಚಿದಳು. ಆಮೇಲೆ ಆ ಹುಡುಗಿಯ ಕಡೆ ತಿರುಗಿ, "ಹೌದು ತಂಗೀ, ಔಷಧಿ" ಎಂದಳು.

ಒಂದು ಗಂಟೆ ಕೂತಿದ್ದಳು. ಊರಿನ ಸುದ್ದಿ ಹೇಳಿದಳು, ನನ್ನ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದಳು. ಹೊರಡುವಾಗ ಡಬ್ಬಿಯನ್ನು ಮತ್ತೆ ಗಂಟಿಗೆ ಕಟ್ಟಿಕೊಂಡಳು. ಇಟ್ಟು ಹೋಗು ಎಂದು ನನ್ನ ಬಾಯಿಂದ ಬರಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಕಳಿಸಲೂ ಹೋಗಲಿಲ್ಲ, ಗೇಟಿನಲ್ಲೇ ನಿಂತೆ. ಅಷ್ಟೆಲ್ಲ ಕಲ್ವ ಒಂದೊಂದಾಗಿ ಬಿಡಿಸಲು ಎಷ್ಟು ಹೊತ್ತು ಬೇಕು, ಆ ಜನವರಿಯ ಚಳಿ ನೀರಿನಲ್ಲಿ ಎಷ್ಟು ಹೊತ್ತು ಕೂತಿದ್ದಳು ಎಂಬ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು.

ರಜೆಗೆ ಊರಿಗೆ ಹೋದಾಗ ಅವಳು ಆ ಮಾತನ್ನು ಎತ್ತಲೇ ಇಲ್ಲ. ಕಲ್ವ ತಿನ್ನುತ್ತೀಯಾ ಎಂದೂ ಮತ್ತೆ ಕೇಳಲಿಲ್ಲ. 1981ರ ಮಳೆಗಾಲದಲ್ಲಿ ಹೋಗಿಬಿಟ್ಟಳು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನಾನು ಮೀನಿನ ಮಾತು ಬಂದರೆ ಬಂಗಡೆಯ ತನಕ ಹೇಳಿ ನಿಲ್ಲಿಸುತ್ತಿದ್ದೆ. ಮಗಳಿಗೂ ಅಷ್ಟೇ ಗೊತ್ತು.

2024ರ ಏಪ್ರಿಲ್‌ನಲ್ಲಿ ಸಿಯಾಟಲ್‌ಗೆ ಹೋದೆ. ಅದೇ ವರ್ಷದ ಜನವರಿ ಕೊನೆಯಲ್ಲಿ ನಮ್ಮ ಅಘನಾಶಿನಿಯ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಯಾಕೆ ಎಂದು ಕೇಳಿದರೆ ಹೇಳಲಾರೆ.

ಒಂದು ಶನಿವಾರ ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು, ನಾನು ಹುಡ್ ಕೆನಾಲ್ ಎಂಬಲ್ಲಿಗೆ ಹೊರಟೆವು. ಹೆಸರು ಕೆನಾಲ್ ಆದರೂ ಅದು ಯಾರೂ ತೋಡಿದ ಕಾಲುವೆ ಅಲ್ಲ. ಗುಡ್ಡಗಳ ನಡುವೆ ಒಳನುಗ್ಗಿದ ಸಮುದ್ರದ ಒಂದು ಉದ್ದ ತೋಳು. ಕಾರು ಸಮೇತ ದೊಡ್ಡ ಹಡಗಿನಲ್ಲಿ ನೀರು ದಾಟಿಸುತ್ತಾರೆ. ನಮ್ಮ ತಾರಿಯ ದೊಡ್ಡಣ್ಣ ಅನ್ನಿ.

ಆ ರಾಜ್ಯದಲ್ಲಿ ಸಿಂಪಿ ತೆಗೆಯಲು ಲೈಸೆನ್ಸ್ ಬೇಕು! ಮಗಳು ನನ್ನ ಹೆಸರಿಗೂ ಒಂದು ಮಾಡಿಸಿ ಕೋಟಿನ ಮೇಲೆ ಕಾಣುವ ಹಾಗೆ ಸಿಕ್ಕಿಸಿದಳು. ನನ್ನ ಅಜ್ಜಿಗೆ ಯಾರಾದರೂ ಲೈಸೆನ್ಸ್ ಕೇಳಿದ್ದರೆ ಏನಾಗುತ್ತಿತ್ತು ಎಂದು ನೆನೆದು ನಗು ಬಂತು. ಒಬ್ಬರಿಗೆ ದಿನಕ್ಕೆ 18 ಸಿಂಪಿ, ಎರಡೂವರೆ ಇಂಚಿಗಿಂತ ಚಿಕ್ಕದನ್ನು ಮುಟ್ಟುವ ಹಾಗಿಲ್ಲ. ಆ ಕಡಲತೀರ ಅವತ್ತು ತೆರೆದಿದೆಯೇ, ನೀರು ಚೆನ್ನಾಗಿದೆಯೇ ಎಂದು ಆರೋಗ್ಯ ಇಲಾಖೆಯ ನಕ್ಷೆಯನ್ನು ಫೋನಿನಲ್ಲಿ ನೋಡಿಕೊಂಡೇ ಮಗಳು ಕಾರು ಹತ್ತಿದ್ದಳು. ಹಸಿ ತಿನ್ನುವುದಕ್ಕೆ ಅಲ್ಲಿಯ ಹಳಬರ ಲೆಕ್ಕವೊಂದಿದೆಯಂತೆ: ತಿಂಗಳ ಹೆಸರಿನಲ್ಲಿ 'ಆರ್' ಅಕ್ಷರ ಇರಬೇಕು. ಮೇ, ಜೂನ್, ಜುಲೈ, ಆಗಸ್ಟ್ ಬೇಡ. ಕನ್ನಡದಲ್ಲಿ ಬರೆದು ನೋಡಿ, ರಕಾರದ ಲೆಕ್ಕವೂ ಸರಿಯಾಗಿ ಕೂರುತ್ತದೆ. ಏಪ್ರಿಲ್ ಸ್ವಲ್ಪದರಲ್ಲಿ ಪಾರಾಯಿತು.

ನೀರು ಇಳಿದಿತ್ತು. ಕಲ್ಲುಹರಳಿನ ದಡದ ತುಂಬ ಸಿಂಪಿಗಳು, ಒಂದೊಂದೂ ನನ್ನ ಅಂಗೈ ಅಗಲ! ನಮ್ಮ ಹೆಬ್ಬೆರಳು ಗಾತ್ರದ ಕಲ್ವದ ಮುಂದೆ ಇವು ಪೈಲ್ವಾನರು. ಜಪಾನಿನಿಂದ ಬಹಳ ಹಿಂದೆ ತಂದು ಬಿಟ್ಟ ಜಾತಿಯಂತೆ. ವಾಸನೆ ಮಾತ್ರ ಅದೇ. ಇಳಿತದ ಬಂಡೆಯ ಅದೇ ವಾಸನೆ. ನನಗೆ ಗಂಟಲು ಕಟ್ಟಿತು.

ಮಗಳು ಕೈಗವಸು ಹಾಕಿಕೊಂಡು, ಗಿಡ್ಡ ಮೊಂಡು ಚಾಕುವನ್ನು ಸಿಂಪಿಯ ಕೀಲಿಗೆ ತುರುಕಿ ತಿರುಚಲು ಒದ್ದಾಡುತ್ತಿದ್ದಳು. ಅಳಿಯ ತುಮಕೂರಿನವನು, ಮೊಟ್ಟೆಯನ್ನೂ ಮುಟ್ಟದವನು, ಬಕೆಟ್ ಹಿಡಿದು ಮುಖ ಆಕಡೆ ತಿರುಗಿಸಿ ನಿಂತಿದ್ದ. ಮೂರನೇ ಸಿಂಪಿಯೂ ಬಾಯಿ ಬಿಡದೆ ಇದ್ದಾಗ ನಾನು ತಡೆಯಲಾರದೆ "ಕೊಡಿಲ್ಲಿ" ಎಂದೆ. ಹೊಸ ಚಾಕು, ಬೇರೆ ಜಾತಿ, ಬೇರೆ ವಿಧಾನ. ಆದರೆ ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂಬುದು ಕೈಗೆ ಗೊತ್ತಿತ್ತು. ಟಕ್ಕೆಂದಿತು. ಒಳಗಿನ ನೀರು ಒಂದು ಹನಿಯೂ ಚೆಲ್ಲದ ಹಾಗೆ ಬುಡ ಬಿಡಿಸಿ ಮಗಳ ಮುಂದೆ ಹಿಡಿದೆ.

ಅವಳು ಸಿಂಪಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅಮ್ಮಾ, ನಿನಗೆ ಇದು ಹೇಗೆ ಬರುತ್ತೆ?"

ಅಲ್ಲೇ ಒಂದು ಒದ್ದೆ ಮರದ ದಿಮ್ಮಿಯ ಮೇಲೆ ಕೂತು ಎಲ್ಲ ಹೇಳಿದೆ. ಸರಳು, ಹೊರಗಿನ ಬಂಡೆ, ಒಂದೇ ಒಂದು ಎಂಬ ಕಟ್ಟಳೆ. ಡಬ್ಬಿಯ ಕತೆಯನ್ನೂ ಹೇಳಿದೆ. ಮಗಳು ಸಮಾಧಾನದ ಮಾತು ಆಡಲಿಲ್ಲ, ಅದು ಒಳ್ಳೆಯದಾಯಿತು. "ಮುತ್ತಜ್ಜಿ ಆ ಡಬ್ಬಿ ವಾಪಸು ಒಯ್ದು ಏನು ಮಾಡಿರಬಹುದು?" ಎಂದು ಮಾತ್ರ ಕೇಳಿದಳು. ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬಸ್ಸಿನಲ್ಲಿ ಮಾವ ತಿಂದಿರಬಹುದು. ಅಥವಾ ಅಜ್ಜಿಯೇ ಘಟ್ಟದ ಮೇಲೆ ಎಲ್ಲೋ ಕೂತು ತಿಂದಳೋ ಏನೋ.

ಆಮೇಲೆ ಇಬ್ಬರೂ ಒಂದೊಂದು ಬಾಯಿಗೆ ಹಾಕಿಕೊಂಡೆವು. ಅಲ್ಲಿಯದು ಉಪ್ಪು ಕಡಿಮೆ, ಸೌತೆಕಾಯಿಯಂಥ ಒಂದು ಹಸಿ ತಂಪು. ಒಗರು ಮಾತ್ರ ಹಾಗೇ ಇತ್ತು. ಮಗಳು ಎರಡನೆಯದನ್ನು ಎತ್ತಿದಳು. ನನಗೂ ಒಂದು ಬಿಡಿಸಿಟ್ಟಳು. ನಾನು ತೆಗೆದುಕೊಳ್ಳಲಿಲ್ಲ. ಸಕ್ಕರೆ ಕಾಯಿಲೆಯವರು ಹಸಿಯದನ್ನು ತಿನ್ನಲೇಬಾರದಂತೆ. ಡಾಕ್ಟರು ಕೇಳಿದರೆ ಆ ಒಂದಕ್ಕೂ ಬೈಯುತ್ತಾರೆ.

ಮೊಮ್ಮಗಳಿಗೆ ಸಣ್ಣ ಗ್ಯಾಸ್ ಒಲೆಯ ಮೇಲೆ ಚೆನ್ನಾಗಿ ಬೇಯಿಸಿ, ಬೆಣ್ಣೆ ಹಾಕಿ ಕೊಟ್ಟೆವು. "ನನಗ್ಯಾಕೆ ಹಸಿ ಇಲ್ಲ? ನಿನ್ನ ಅಜ್ಜಿ ನಿನಗೆ ಕೊಟ್ಟಿದ್ದಳಲ್ಲ!" ಎಂದು ನನ್ನನ್ನೇ ಕಟಕಟೆಗೆ ಹತ್ತಿಸಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಇನ್ನೊಂದು ಚಮಚೆ ಬೆಣ್ಣೆ ಹಾಕಿದೆ.

ಹೊರಡುವಾಗ ಅವಳು ಒಳಗೆ ಹೊಳೆಯುವ ಒಂದು ಖಾಲಿ ಚಿಪ್ಪನ್ನು ಜೇಬಿಗೆ ಹಾಕಿಕೊಂಡಳು. ಮಗಳು ನೋಡಿ, "ಅದನ್ನು ಇಲ್ಲೇ ಬಿಡಬೇಕು ಪುಟ್ಟಾ" ಎಂದಳು. ಕಾನೂನೇ ಹಾಗಂತೆ. ಸಿಂಪಿಯನ್ನು ದಡದಲ್ಲೇ ಬಿಡಿಸಿ, ಚಿಪ್ಪನ್ನು ಸಿಕ್ಕಿದ ಜಾಗದ ಹತ್ತಿರವೇ ಬಿಟ್ಟು ಹೋಗಬೇಕು. "ಯಾಕೆ?" ಎಂದು ಮೊಮ್ಮಗಳು ಕೇಳುವ ಮೊದಲೇ ನನ್ನ ಬಾಯಿಂದ ಬಂತು, ಅದೂ ನಮ್ಮೂರ ಕನ್ನಡದಲ್ಲೇ: "ಅದರ ಮೇಲೇ ಮರಿ ಕೂರೂದು." ಅವಳಿಗೆ ಅರ್ಥವಾಯಿತೋ ಇಲ್ಲವೋ. ಚಿಪ್ಪನ್ನು ಜೇಬಿನಿಂದ ತೆಗೆದು, ನೀರಿನ ಹತ್ತಿರ ಹೋಗಿ, ಹೊಳೆಯುವ ಭಾಗ ಮೇಲೆ ಬರುವ ಹಾಗೆ ಇಟ್ಟು ಬಂದಳು.

ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನು ಊರಿನಲ್ಲೇ ಇದ್ದಾನೆ, ಅದೇ ಮನೆ. ಹೊರಗಿನ ಬಂಡೆಯಲ್ಲಿ ಈಗಲೂ ಕಲ್ವ ಇದೆಯೇ ಎಂದು ಕೇಳಿದೆ. ಅವನಿಗೆ ಆಶ್ಚರ್ಯ.

"ಇದ್ದು. ಮುಂಚಿನಷ್ಟಿಲ್ಲ. ಹಸಿ ತಿನ್ನೂದೆಲ್ಲ ಬಿಟ್ಟೇ ಬಿಟ್ಟಿದೇವೆ, ನೀರು ಆಗಿನ ಹಾಂಗಿಲ್ಲ. ಸುಕ್ಕ ಬೇಕಾರೆ ಮಾಡಿ ಕೊಡ್ತೆ. ದೀಪಾವಳಿ ಕಳೆದ ಮೇಲೆ ಬಾ, ಅಮಾಸೆಗೆ ಸರಿಯಾಗಿ. ಬೆಂಗಳೂರಿಗೆ ಒಯ್ಯೂಕೂ ಆಗ್ತದೆ, ಡಬ್ಬಿ ತಕ್ಕಂಡು ಬಾ."

"ದೊಡ್ಡದೇ ತರ್ತೆ" ಎಂದೆ.